ಸಿಸಿಯ ಮೈಮೇಲೆ ಕಿತ್ತಳೆ ಬಣ್ಣ ಯಾಕೆ ಬರಲಿಲ್ಲ?

2001ರ ಡಿಸೆಂಬರ್ 22ರಂದು ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಒಂದು ಬೆಕ್ಕಿನ ಮರಿ ಹುಟ್ಟಿತು. ಸಿಸೇರಿಯನ್ ಮಾಡಿ ತೆಗೆದ ಮರಿ. ಹೆಸರು ಸಿಸಿ. ‘ಕಾಪಿ ಕ್ಯಾಟ್’ ಎಂಬುದನ್ನು ಮೊಟಕು ಮಾಡಿ ಇಟ್ಟ ಹೆಸರು ಅದು. ‘ಕಾರ್ಬನ್ ಕಾಪಿ’ ಅಂತ ಬಿಡಿಸಿ ಹೇಳುವವರೂ ಇದ್ದರು. ಜಗತ್ತಿನ ಮೊದಲ ತದ್ರೂಪಿ ಬೆಕ್ಕು, ಅಂದರೆ ಮೊದಲ ಕ್ಲೋನ್ ಬೆಕ್ಕು. 2002ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯ ಮೂಲಕ ಸುದ್ದಿ ಹೊರಬಿದ್ದಾಗ ಸಿಸಿಯ ಫೋಟೋ ಎಲ್ಲ ಕಡೆ ಓಡಾಡಿತು.

ಫೋಟೋ ನೋಡಿದವರಿಗೆ ಒಂದು ಅನುಮಾನ ಬಂತು. ಇದು ಯಾವುದರ ಕಾಪಿ?

ಸಿಸಿಗೆ ಡಿಎನ್‌ಎ ಕೊಟ್ಟ ಬೆಕ್ಕಿನ ಹೆಸರು ರೇನ್‌ಬೋ. ಅದು ಮೂರು ಬಣ್ಣದ ಬೆಕ್ಕು. ಬಿಳಿಯ ಜೊತೆ ಕಪ್ಪು-ಕಂದು ಮಚ್ಚೆಗಳು, ಅವುಗಳ ನಡುನಡುವೆ ಕಿತ್ತಳೆ ಮಚ್ಚೆಗಳು. ಇಂಥ ಬೆಕ್ಕಿಗೆ ಕ್ಯಾಲಿಕೊ ಅನ್ನುತ್ತಾರೆ. ಸಿಸಿಯ ಮೈಮೇಲೂ ಬಿಳಿ ಇತ್ತು, ಬೂದು-ಕಂದು ಪಟ್ಟೆಗಳಿದ್ದವು. ಕಿತ್ತಳೆಯ ಸುಳಿವೇ ಇರಲಿಲ್ಲ. ನೂಲಿನಂತೆ ಸೀರೆ ಅನ್ನುತ್ತೇವಲ್ಲ, ಇಲ್ಲಿ ನೂಲು ಒಂದೇ, ಸೀರೆ ಮಾತ್ರ ಬೇರೆ.

ಡಿಎನ್‌ಎಯಲ್ಲಿ ಏನು ಬರೆದಿದೆಯೋ ಅದೇ ಮೈಮೇಲೆ ಮೂಡುತ್ತದೆ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಸಿಸಿಯ ಕತೆ ಓದಿದ ಮೇಲೆ ಆ ಲೆಕ್ಕ ತಪ್ಪಿತು. ಈ ಒಂದು ಬೆಕ್ಕನ್ನೇ ಹಿಡಿದು, ವಿಷಯವನ್ನು ಎಳೆ ಎಳೆಯಾಗಿ ಬಿಡಿಸಿ ನೋಡೋಣ.

ನಾಯಿ ಬೇಕಿತ್ತು, ಬೆಕ್ಕು ಬಂತು

1996ರ ಜುಲೈ 5ರಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಡಾಲಿ ಎಂಬ ಕುರಿ ಹುಟ್ಟಿತು. ಬೆಳೆದು ನಿಂತ ಪ್ರಾಣಿಯ ಮೈಯಿಂದ ತೆಗೆದ ಜೀವಕೋಶದಿಂದ ಹುಟ್ಟಿದ ಮೊದಲ ಸಸ್ತನಿ ಅದು. ಮುಂದಿನ ವರ್ಷ ಸುದ್ದಿ ಹಬ್ಬಿತು. ಅದನ್ನು ಕೇಳಿದ ಅಮೆರಿಕದ ಶ್ರೀಮಂತ ಉದ್ಯಮಿ ಜಾನ್ ಸ್ಪರ್ಲಿಂಗ್ ಅವರಿಗೆ ಒಂದು ಆಸೆ ಹುಟ್ಟಿತು. ಆಪ್ತರ ಮನೆಯಲ್ಲಿ ಮಿಸ್ಸಿ ಎಂಬ ಮುದ್ದಿನ ನಾಯಿ ಇತ್ತು. ಅದರದ್ದೂ ಒಂದು ತದ್ರೂಪಿ ಮಾಡಿಸಬಹುದಲ್ವಾ? ಟೆಕ್ಸಾಸ್ ಎ ಅಂಡ್ ಎಂ ವಿಜ್ಞಾನಿಗಳಿಗೆ ಅವರು ಹಣ ಕೊಟ್ಟರು.

ನಾಯಿ ಸುಲಭಕ್ಕೆ ಬಗ್ಗಲಿಲ್ಲ. ಹೆಣ್ಣು ನಾಯಿ ವರ್ಷಕ್ಕೆ ಒಂದೆರಡು ಸಲವಷ್ಟೇ ಬೆದೆಗೆ ಬರುತ್ತದೆ. ಅಂಡಾಶಯದಿಂದ ಹೊರಗೆ ಬೀಳುವ ಹೊತ್ತಿಗೆ ಅದರ ಅಂಡಾಣು ಇನ್ನೂ ಬಲಿತಿರುವುದಿಲ್ಲ. ಬೆಕ್ಕಿನಲ್ಲಿ ಈ ತಾಪತ್ರಯ ಕಡಿಮೆ. ಹೀಗಾಗಿ ನಾಯಿಗೆ ಅಂತ ಬಂದ ದುಡ್ಡಿನಲ್ಲಿ ಮೊದಲು ಹುಟ್ಟಿದ್ದು ಬೆಕ್ಕಿನ ಮರಿ. ತದ್ರೂಪಿ ನಾಯಿ ಬಂದದ್ದು 2005ರಲ್ಲಿ, ಅದೂ ದಕ್ಷಿಣ ಕೊರಿಯಾದಲ್ಲಿ.

ಬೆಕ್ಕಿನ ಕೆಲಸವೂ ಸಲೀಸಾಗಿ ನಡೆಯಲಿಲ್ಲ. ಮಾರ್ಕ್ ವೆಸ್ಟುಸಿನ್, ಡ್ವೇನ್ ಕ್ರೇಮರ್, ಟೇಯಂಗ್ ಶಿನ್ ಇದ್ದ ತಂಡ ಮೊದಲು ಒಂದು ಗಂಡು ಬೆಕ್ಕಿನ ಬಾಯಿಯ ಒಳಪದರದ ಕೋಶಗಳನ್ನು ಬಳಸಿತು. 82 ಭ್ರೂಣಗಳನ್ನು 7 ಬೆಕ್ಕುಗಳ ಗರ್ಭದಲ್ಲಿ ಇಟ್ಟರು. ಒಂದೇ ಒಂದು ಬಸಿರು ನಿಂತಿತು, ಅದೂ ಕೊನೆಯವರೆಗೆ ಉಳಿಯಲಿಲ್ಲ. ಆಮೇಲೆ ರೇನ್‌ಬೋ ಸರದಿ. ಅದರ ಅಂಡಾಶಯದಲ್ಲಿ ಅಂಡಾಣುವನ್ನು ಸುತ್ತಿಕೊಂಡಿರುವ ಪುಟ್ಟ ಕೋಶಗಳನ್ನು ಈ ಸಲ ಆರಿಸಿಕೊಂಡರು. ಐದು ಭ್ರೂಣಗಳು ಆಲಿ ಎಂಬ ಬಾಡಿಗೆ ತಾಯಿಯ ಗರ್ಭಕ್ಕೆ ಹೋದವು. 66 ದಿನಕ್ಕೆ ಸಿಸಿ ಹುಟ್ಟಿತು. ಒಟ್ಟು ಲೆಕ್ಕ ಹಾಕಿದರೆ 87 ಭ್ರೂಣ, 8 ಬಾಡಿಗೆ ತಾಯಂದಿರು, ಒಂದು ಮರಿ.

ಮಾಡುವ ವಿಧಾನ ಹೇಳುವುದಕ್ಕೆ ಸರಳ. ಒಂದು ಬೆಕ್ಕಿನ ಅಂಡಾಣು ತೆಗೆದುಕೊಂಡು ಅದರೊಳಗಿನ ವರ್ಣತಂತುಗಳನ್ನು, ಅಂದರೆ ಡಿಎನ್‌ಎ ಸುತ್ತಿಟ್ಟ ಎಳೆಗಳನ್ನು, ಹೀರಿ ಹೊರಹಾಕುತ್ತಾರೆ. ಖಾಲಿಯಾದ ಅಂಡಾಣುವಿನ ಪಕ್ಕಕ್ಕೆ ರೇನ್‌ಬೋದ ಒಂದು ಕೋಶವನ್ನು ತೂರಿಸುತ್ತಾರೆ. ಸಣ್ಣ ವಿದ್ಯುತ್ ಹೊಡೆತ ಕೊಟ್ಟು ಎರಡನ್ನೂ ಒಂದಾಗಿಸುತ್ತಾರೆ. ಕೋಶ ಒಡೆದು ಎರಡಾಗಿ, ನಾಲ್ಕಾಗಿ ಬೆಳೆಯತೊಡಗಿದರೆ ಅದೇ ಭ್ರೂಣ. ಇಲ್ಲಿ ಅಪ್ಪ ಎಂಬ ಪಾತ್ರವೇ ಇಲ್ಲ.

ಮೊದಲ ಅನುಮಾನ: ಮರಿ ಅದಲುಬದಲಾಯಿತೇ?

ಬಣ್ಣ ಬೇರೆ ಇದ್ದಾಗ ಯಾರಿಗೂ ಮೊದಲು ಹೊಳೆಯುವುದು ಇದೇ. ಬಾಡಿಗೆ ತಾಯಿ ಆಲಿಯೂ ಪಟ್ಟೆ ಬೆಕ್ಕು. ಸಿಸಿಗೂ ಪಟ್ಟೆ. ಆಲಿ ಎಲ್ಲೋ ಗಂಡು ಬೆಕ್ಕಿನ ಜೊತೆ ಸೇರಿ ತನ್ನದೇ ಮರಿ ಹೆತ್ತಿರಬಹುದಲ್ಲ?

ವಿಜ್ಞಾನಿಗಳು ಡಿಎನ್‌ಎ ಗುರುತುಗಳನ್ನು ಹೋಲಿಸಿ ನೋಡಿದರು. ಸಿಸಿಯ ಗುರುತುಗಳು ರೇನ್‌ಬೋ ಜೊತೆ ತಾಳೆಯಾದವು, ಆಲಿಯ ಜೊತೆ ಆಗಲಿಲ್ಲ. ಮರಿ ರೇನ್‌ಬೋದ ತದ್ರೂಪಿಯೇ, ಅನುಮಾನವಿಲ್ಲ.

ಇಲ್ಲಿ ಒಂದು ಸಣ್ಣ ತಕರಾರು ನನ್ನದು. ಸಿಸಿ ಮತ್ತು ರೇನ್‌ಬೋದ ಡಿಎನ್‌ಎ ನೂರಕ್ಕೆ ನೂರು ಒಂದೇ ಅನ್ನುವುದು ಪೂರ್ತಿ ಸರಿಯಲ್ಲ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳಿಗೆ ಅವುಗಳದ್ದೇ ಪುಟ್ಟ ಡಿಎನ್‌ಎ ಇರುತ್ತದೆ. ಅವು ಹೆಚ್ಚಾಗಿ ಬರುವುದು ಅಂಡಾಣುವಿನಿಂದ. ಅಂಡಾಣು ಬೇರೆ ಬೆಕ್ಕಿನದ್ದಾದರೆ ಮೈಟೋಕಾಂಡ್ರಿಯಾಗಳೂ ಬಹುಪಾಲು ಅದರದ್ದೇ. ಆದರೆ ತುಪ್ಪಳದ ಬಣ್ಣದ ಗುಟ್ಟು ಅಲ್ಲಿಲ್ಲ. ಅದು ಇರುವುದು ಕೋಶಕೇಂದ್ರದ 38 ವರ್ಣತಂತುಗಳಲ್ಲಿ, ಅದರಲ್ಲೂ ಒಂದರಲ್ಲಿ.

ಕಿತ್ತಳೆ ಬಣ್ಣ ಎಲ್ಲಿ ಕುಳಿತಿದೆ

ಬೆಕ್ಕಿನ ಕೂದಲಿಗೆ ಬಣ್ಣ ತುಂಬುವ ಕೋಶಗಳು ಎರಡು ಬಗೆಯ ಮೆಲನಿನ್ ತಯಾರಿಸಬಲ್ಲವು. ಒಂದು ಕಪ್ಪು-ಕಂದು. ಇನ್ನೊಂದು ಹಳದಿ-ಕಿತ್ತಳೆ. ಯಾವುದು ಜಾಸ್ತಿ ತಯಾರಾಗಬೇಕು ಎಂದು ತೀರ್ಮಾನಿಸುವುದರಲ್ಲಿ ಎಕ್ಸ್ ವರ್ಣತಂತುವಿನ ಮೇಲಿರುವ ಒಂದು ವಂಶವಾಹಿಗೆ ದೊಡ್ಡ ಪಾತ್ರವಿದೆ.

ಗಂಡು ಬೆಕ್ಕಿಗೆ ಒಂದು ಎಕ್ಸ್, ಒಂದು ವೈ. ಹಾಗಾಗಿ ಅದಕ್ಕೆ ಆಯ್ಕೆಯೇ ಇಲ್ಲ. ಎಕ್ಸ್ ಮೇಲೆ ಕಿತ್ತಳೆ ರೂಪ ಇದ್ದರೆ ಕಿತ್ತಳೆ ಬೆಕ್ಕು, ಇಲ್ಲದಿದ್ದರೆ ಇಲ್ಲ. ಹೆಣ್ಣಿಗೆ ಎರಡು ಎಕ್ಸ್. ಒಂದರಲ್ಲಿ ಕಿತ್ತಳೆ ರೂಪ, ಇನ್ನೊಂದರಲ್ಲಿ ಮಾಮೂಲಿ ರೂಪ ಇರಬಹುದು. ರೇನ್‌ಬೋ ಹಾಗಿತ್ತು. ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಆಗಿರುವುದು ಇದಕ್ಕೇ. ಅಪರೂಪಕ್ಕೆ ಗಂಡು ಸಿಗುತ್ತದೆ. ಪರೀಕ್ಷಿಸಿದರೆ ಅದಕ್ಕೆ ಸಾಮಾನ್ಯವಾಗಿ ಎರಡು ಎಕ್ಸ್, ಜೊತೆಗೆ ಒಂದು ವೈ ಇರುತ್ತದೆ. ಇಂಥವಕ್ಕೆ ಮರಿಗಳಾಗುವುದು ತೀರಾ ವಿರಳ.

ಸರಿ, ಎರಡು ಎಕ್ಸ್ ಇದ್ದರೆ ಎರಡು ಬಣ್ಣ ಬೆರೆತು ಮಧ್ಯದ ಬಣ್ಣ ಬರಬೇಕಿತ್ತು. ಯಾಕೆ ಮಚ್ಚೆ ಮಚ್ಚೆಯಾಗಿ ಬರುತ್ತದೆ?

ಈ ಪ್ರಶ್ನೆಯ ಉತ್ತರ ಶುರುವಾದದ್ದೂ ಬೆಕ್ಕಿನಿಂದಲೇ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. 1949ರಲ್ಲಿ ಕೆನಡಾದಲ್ಲಿ ಮರ್ರಿ ಬಾರ್ ಮತ್ತು ಎವರ್ಟ್ ಬರ್ಟ್ರಮ್ ಎಂಬಿಬ್ಬರು ಬೆಕ್ಕಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅವರು ಹುಡುಕುತ್ತಿದ್ದುದೇ ಬೇರೆ. ಕೆಲವು ಬೆಕ್ಕುಗಳ ಕೋಶಕೇಂದ್ರದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು, ಕೆಲವಲ್ಲಿ ಕಾಣಲಿಲ್ಲ. ದಾಖಲೆ ತೆಗೆದು ನೋಡಿದರೆ ಚುಕ್ಕೆ ಇದ್ದವೆಲ್ಲ ಹೆಣ್ಣು. ಹತ್ತು ವರ್ಷದ ನಂತರ, 1959ರಲ್ಲಿ, ಆ ಚುಕ್ಕೆ ಬೇರೇನಲ್ಲ, ಮುದುಡಿಕೊಂಡ ಒಂದು ಎಕ್ಸ್ ವರ್ಣತಂತು ಅಂತ ಸುಸುಮು ಓಹ್ನೋ ತೋರಿಸಿದರು. 1961ರಲ್ಲಿ ಇಂಗ್ಲೆಂಡಿನ ಮೇರಿ ಲಿಯಾನ್ ಇದನ್ನೆಲ್ಲ ಜೋಡಿಸಿದರು. ಅವರ ಕೈಯಲ್ಲಿದ್ದದ್ದು ಮಚ್ಚೆ ಮಚ್ಚೆ ತುಪ್ಪಳದ ಹೆಣ್ಣು ಇಲಿಗಳು. ಹೆಣ್ಣು ಸಸ್ತನಿಯ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಬಾಯಿ ಮುಚ್ಚಿಕೊಂಡಿರುತ್ತದೆ ಅಂತ ಅವರು ವಾದಿಸಿದರು.

ನಡೆಯುವುದು ಹೀಗೆ. ಭ್ರೂಣ ತೀರಾ ಚಿಕ್ಕದಾಗಿರುವಾಗ, ಪ್ರತಿ ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚುತ್ತದೆ. ಯಾವುದನ್ನು ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. ಡಿಎನ್‌ಎಯಲ್ಲಿ ಅದು ಬರೆದಿಲ್ಲ. ಮುಚ್ಚಬೇಕಾದ ಎಕ್ಸ್‌ನಿಂದಲೇ ಎಕ್ಸಿಸ್ಟ್ ಎಂಬ ಆರ್‌ಎನ್‌ಎ (ಡಿಎನ್‌ಎಯ ಒಂದು ತುಣುಕಿನ ಪ್ರತಿ) ಹೊರಟು ಅದೇ ಎಕ್ಸ್ ಅನ್ನು ಹೊದಿಕೆಯಂತೆ ಸುತ್ತಿಕೊಳ್ಳುತ್ತದೆ. ವರ್ಣತಂತು ಬಿಗಿಯಾಗಿ ಮುದುಡುತ್ತದೆ. ಅದರ ಮೇಲಿನ ಬಹುತೇಕ ವಂಶವಾಹಿಗಳು ಸುಮ್ಮನಾಗುತ್ತವೆ. ಒಮ್ಮೆ ಮುಚ್ಚಿದ ಮೇಲೆ ಆ ಕೋಶ ಒಡೆದು ಎಷ್ಟೇ ಮರಿಕೋಶಗಳಾದರೂ ಎಲ್ಲದರಲ್ಲೂ ಅದೇ ಎಕ್ಸ್ ಮುಚ್ಚಿರುತ್ತದೆ. ಒಂದು ಅಕ್ಷರವೂ ಬದಲಾಗದೆ, ಬರೀ ತೆರೆದ ಪುಟ ಯಾವುದು, ಮುಚ್ಚಿದ ಪುಟ ಯಾವುದು ಎಂಬ ನೆನಪು ಕೋಶದಿಂದ ಕೋಶಕ್ಕೆ ದಾಟುತ್ತದೆ.

ಈಗ ರೇನ್‌ಬೋದ ಮೈ ನೋಡಿ. ಕಿತ್ತಳೆ ಮಚ್ಚೆ ಅಂದರೆ ಮಾಮೂಲಿ ಎಕ್ಸ್ ಅನ್ನು ಮುಚ್ಚಿಕೊಂಡ ಕೋಶಗಳ ಸಂತತಿ. ಕಪ್ಪು-ಕಂದು ಮಚ್ಚೆ ಅಂದರೆ ಕಿತ್ತಳೆ ಎಕ್ಸ್ ಅನ್ನು ಮುಚ್ಚಿಕೊಂಡವುಗಳ ಸಂತತಿ. ಭ್ರೂಣವಾಗಿದ್ದಾಗ ಯಾವ ಕೋಶ ಏನು ಆರಿಸಿಕೊಂಡಿತು ಎಂಬುದರ ನಕಾಶೆ ಹೊರಗಿನಿಂದಲೇ ಕಾಣುತ್ತದೆ.

ಬಿಳಿಯ ಕತೆ ಬೇರೆ. ಅದಕ್ಕೂ ಎಕ್ಸ್‌ಗೂ ಸಂಬಂಧವಿಲ್ಲ, ಅದು ಕಿಟ್ ಎಂಬ ಇನ್ನೊಂದು ವಂಶವಾಹಿಯ ಕೆಲಸ. ಬಣ್ಣದ ಕೋಶಗಳು ಹುಟ್ಟುವುದು ಭ್ರೂಣದ ಬೆನ್ನಿನ ಉದ್ದಕ್ಕೆ. ಅಲ್ಲಿಂದ ಎರಡೂ ಪಕ್ಕಕ್ಕೆ ಇಳಿದು, ಹೊಟ್ಟೆ, ಕಾಲುಗಳ ಕಡೆಗೆ ಹೊರಡುತ್ತವೆ. ಕಿಟ್‌ನ ಒಂದು ರೂಪವಿದ್ದರೆ ಇವುಗಳ ಸಂಖ್ಯೆ ಸಾಲುವುದಿಲ್ಲ. ದೂರದ ಜಾಗಗಳಿಗೆ ತಲುಪುವುದೇ ಇಲ್ಲ. ಕೋಶ ತಲುಪದ ಕಡೆ ಬಣ್ಣವಿಲ್ಲ, ಅದೇ ಬಿಳಿ. ಬೆಕ್ಕುಗಳಲ್ಲಿ ಹೊಟ್ಟೆ, ಎದೆ, ಪಾದ ಬಿಳಿ ಇರುವುದು ಜಾಸ್ತಿ, ಬೆನ್ನು ಮಾತ್ರ ಬಿಳಿ ಇರುವುದು ಕಾಣಸಿಗದು. ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಬಿಳಿ ಇಲ್ಲದ ಬೆಕ್ಕಿನಲ್ಲಿ ಕಿತ್ತಳೆ-ಕಪ್ಪು ಎರಡೂ ಸಣ್ಣ ಸಣ್ಣದಾಗಿ ಕಲಸಿಕೊಂಡಿರುತ್ತವೆ. ಬಿಳಿ ಜಾಸ್ತಿ ಇದ್ದಷ್ಟೂ ಮಚ್ಚೆಗಳು ದೊಡ್ಡದಾಗಿ, ಅಂಚು ಸ್ಪಷ್ಟವಾಗಿ ಕಾಣುತ್ತವೆ. ಕೋಶಗಳು ಕಡಿಮೆ ಇದ್ದಾಗ ಒಂದೊಂದರ ಸಂತತಿಗೂ ಹರಡಿಕೊಳ್ಳಲು ಜಾಗ ಜಾಸ್ತಿ ಸಿಗುತ್ತದೆ, ಅದಕ್ಕೆ. ಎರಡು ಬೇರೆ ಬೇರೆ ವಂಶವಾಹಿಗಳು, ಅವುಗಳ ಜೊತೆ ಅದೃಷ್ಟ ಸೇರಿ ಕ್ಯಾಲಿಕೊ ಆಗುತ್ತದೆ.

ಹಾಗಾದರೆ ಸಿಸಿಗೆ ಏನಾಯಿತು?

ಮತ್ತೆ ಪ್ರಯೋಗದ ದಿನಕ್ಕೆ ಹೋಗೋಣ. ವಿಜ್ಞಾನಿಗಳು ರೇನ್‌ಬೋದಿಂದ ತೆಗೆದದ್ದು ಬೆಳೆದ ಬೆಕ್ಕಿನ ಒಂದು ಕೋಶ. ಆ ಕೋಶದಲ್ಲಿ ಒಂದು ಎಕ್ಸ್ ಎಂದೋ ಮುಚ್ಚಿಯಾಗಿತ್ತು. ಅದು ಕಿತ್ತಳೆ ಎಕ್ಸ್ ಆಗಿತ್ತು ಅನ್ನುವುದು ಮರಿಯ ಬಣ್ಣ ನೋಡಿದರೆ ತಿಳಿಯುತ್ತದೆ.

ತದ್ರೂಪಿ ಮಾಡುವಾಗ ಖಾಲಿ ಅಂಡಾಣುವಿಗೆ ಒಂದು ದೊಡ್ಡ ಕೆಲಸವಿರುತ್ತದೆ. ಒಳಗೆ ಬಂದ ಡಿಎನ್‌ಎಗೆ ತಾನು ಇಷ್ಟು ದಿನ ಅಂಡಾಶಯದ ಕೋಶವಾಗಿದ್ದೆ ಎಂಬ ನೆನಪು ಇರುತ್ತದೆ. ಯಾವ ವಂಶವಾಹಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ಗುರುತುಗಳು ಅದರ ಮೇಲೆ ಅಂಟಿಕೊಂಡಿರುತ್ತವೆ. ಅವನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿಸಬೇಕು. ಇದು ಬಹಳ ಸಲ ಅರೆಬರೆಯಾಗುತ್ತದೆ. 87 ಭ್ರೂಣಗಳಲ್ಲಿ ಒಂದೇ ಉಳಿದದ್ದಕ್ಕೆ ದೊಡ್ಡ ಕಾರಣ ಇದೇ. ಭ್ರೂಣ ಬೆಳೆಯಲು ಬೇಕಾದ ವಂಶವಾಹಿಗಳು ಡಿಎನ್‌ಎಯಲ್ಲಿ ಇದ್ದೇ ಇರುತ್ತವೆ, ಹೊತ್ತಿಗೆ ಸರಿಯಾಗಿ ತೆರೆದುಕೊಳ್ಳುವುದಿಲ್ಲ ಅಷ್ಟೇ.

ಸಿಸಿಯಲ್ಲಿ ಉಳಿದ ಗುರುತುಗಳು ಬೇಕಾದಷ್ಟು ಅಳಿದವು, ಇಲ್ಲದಿದ್ದರೆ ಮರಿಯೇ ಆಗುತ್ತಿರಲಿಲ್ಲ. ಆದರೆ ಮುಚ್ಚಿದ್ದ ಎಕ್ಸ್‌ನ ಬೀಗ ತೆರೆಯಲಿಲ್ಲ. ಕಿತ್ತಳೆ ಎಕ್ಸ್ ಮುಚ್ಚಿದ ಸ್ಥಿತಿಯಲ್ಲೇ ಭ್ರೂಣ ಬೆಳೆಯಿತು. ನಾಣ್ಯ ಮತ್ತೆ ಚಿಮ್ಮಲೇ ಇಲ್ಲ. ಮೈಯ ಎಲ್ಲ ಕೋಶಗಳೂ ಆ ಒಂದು ಕೋಶದ ಸಂತತಿಯಾದ್ದರಿಂದ ಎಲ್ಲದರಲ್ಲೂ ಮಾಮೂಲಿ ಎಕ್ಸ್ ಮಾತ್ರ ತೆರೆದಿತ್ತು. ಸಿಸಿಯ ಬಣ್ಣಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಇದು.

ಇದರಲ್ಲಿ ತಲೆ ಕೆರೆದುಕೊಳ್ಳುವಂಥ ಒಂದು ಅಂಶವಿದೆ. ಇಲಿಗಳಲ್ಲಿ ಇದೇ ಪ್ರಯೋಗ ಮಾಡಿದವರು 2000ದಲ್ಲಿ ವರದಿ ಮಾಡಿದ್ದರು. ತದ್ರೂಪಿ ಇಲಿಯ ಮೈಯಲ್ಲಿ ಹಳೆಯ ಬೀಗ ತೆರೆದು, ಹೊಸದಾಗಿ ಆಯ್ಕೆ ನಡೆದಿತ್ತು. ಹಳೆಯ ನೆನಪು ಉಳಿದದ್ದು ಮಾಸುಚೀಲಕ್ಕೆ ಸೇರುವ ಕೋಶಗಳಲ್ಲಿ ಮಾತ್ರ. ಬೆಕ್ಕು ಹಾಗೆ ನಡೆದುಕೊಳ್ಳಲಿಲ್ಲ. ಒಂದು ಪ್ರಾಣಿಯಲ್ಲಿ ಕಂಡ ನಿಯಮವನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿಡುವುದು ಅಪಾಯ ಅಂತ ನನಗೆ ಇಲ್ಲಿ ಅನ್ನಿಸಿತು.

ಒಂದು ವೇಳೆ ಬೀಗ ಪೂರ್ತಿ ತೆರೆದಿದ್ದರೆ? ಸಿಸಿಯ ಮೈಮೇಲೆ ಕಿತ್ತಳೆ ಬರುತ್ತಿತ್ತು. ಆಗಲೂ ರೇನ್‌ಬೋದ ಹಾಗೆ ಕಾಣುತ್ತಿರಲಿಲ್ಲ. ನಾಣ್ಯಗಳು ಮತ್ತೆ ಚಿಮ್ಮುತ್ತವೆ, ಮಚ್ಚೆಗಳು ಬೇರೆ ಕಡೆ ಬೀಳುತ್ತವೆ. ಬಿಳಿಯೂ ಅಷ್ಟೇ. ಬಣ್ಣದ ಕೋಶಗಳು ಎಷ್ಟು ದೂರ ನಡೆದವು ಎಂಬುದು ಪ್ರತಿ ಭ್ರೂಣದಲ್ಲೂ ಸ್ವಲ್ಪ ಸ್ವಲ್ಪ ಬೇರೆ. ಒಂದೇ ಕ್ಯಾಲಿಕೊದಿಂದ ನೂರು ತದ್ರೂಪಿ ಮಾಡಿದರೂ ಎರಡು ಒಂದೇ ಥರ ಬರುವುದು ಅನುಮಾನ. ಅವಳಿಗಳ ಬೆರಳಚ್ಚು ಒಂದೇ ಇರುವುದಿಲ್ಲವಲ್ಲ, ಹಾಗೆ. ನಕಲು ಮಾಡಲು ಇಷ್ಟೆಲ್ಲ ಬೆಕ್ಕುಗಳಿರುವಾಗ ನಕಲಿಗೆ ಎಂದೂ ಸಿಗದ ಬೆಕ್ಕನ್ನೇ ಆರಿಸಿಕೊಂಡದ್ದು ತಮಾಷೆಯಾಗಿದೆ. ವಿಜ್ಞಾನದ ದೃಷ್ಟಿಯಿಂದ ಮಾತ್ರ ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ. ಇಡೀ ಮೈ ಕಪ್ಪಿರುವ ಬೆಕ್ಕನ್ನು ಹಿಡಿದಿದ್ದರೆ ತದ್ರೂಪಿಯೂ ಕಪ್ಪಗೇ ಹುಟ್ಟುತ್ತಿತ್ತು, ಎಕ್ಸ್‌ನ ಬೀಗದ ಸುದ್ದಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕಳೆದುಕೊಂಡು ಕೆಲಸ ಮಾಡುವ ವಂಶವಾಹಿ

ಸಿಸಿ ಹುಟ್ಟಿದಾಗ ಕಿತ್ತಳೆ ಬಣ್ಣದ ವಂಶವಾಹಿ ಎಕ್ಸ್ ಮೇಲಿದೆ ಅಂತ ಗೊತ್ತಿತ್ತೇ ಹೊರತು ಅದು ನಿಖರವಾಗಿ ಯಾವುದು ಅಂತ ಗೊತ್ತಿರಲಿಲ್ಲ. ಅದು ಸಿಕ್ಕಿದ್ದು ತೀರಾ ಇತ್ತೀಚೆಗೆ. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಒಂದು ತಂಡ, ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಇನ್ನೊಂದು ತಂಡ ಬೇರೆ ಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದು ನಿಂತವು. 2025ರಲ್ಲಿ ಎರಡೂ ಪ್ರಕಟವಾದವು. ವಂಶವಾಹಿಯ ಹೆಸರು ಎಆರ್‌ಎಚ್‌ಜಿಎಪಿ36. ನಾಲಿಗೆ ತಿರುಗದ ಹೆಸರು, ಬಿಡಿ.

ಕಿತ್ತಳೆ ಬೆಕ್ಕುಗಳಲ್ಲಿ ಈ ವಂಶವಾಹಿಯ ಜಾಗದಲ್ಲಿ ಸುಮಾರು 5,100 ಅಕ್ಷರಗಳಷ್ಟು ಡಿಎನ್‌ಎ ಬಿಟ್ಟುಹೋಗಿದೆ. ಬಿಟ್ಟುಹೋದರೆ ವಂಶವಾಹಿ ಕೆಡಬೇಕಲ್ಲ? ಕೆಟ್ಟಿಲ್ಲ. ಪ್ರೋಟೀನ್ ತಯಾರಿಸುವ ಭಾಗ ಹಾಗೆಯೇ ಇದೆ. ಹೋಗಿರುವುದು ಎಲ್ಲಿ ಕೆಲಸ ಮಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಹಿಡಿತ ಇಟ್ಟುಕೊಳ್ಳುವ ಭಾಗ. ಆ ಹಿಡಿತ ತಪ್ಪಿದ್ದರಿಂದ, ಬಣ್ಣದ ಕೋಶದಲ್ಲಿ ತೆಪ್ಪಗಿರಬೇಕಾದ ವಂಶವಾಹಿ ಅಲ್ಲಿ ಕೆಲಸಕ್ಕೆ ನಿಲ್ಲುತ್ತದೆ. ಅದರ ಪ್ರೋಟೀನ್ ಕಪ್ಪು ಮೆಲನಿನ್ ತಯಾರಿಯ ಸಂದೇಶವನ್ನು ಅಡ್ಡಗಟ್ಟುತ್ತದೆ. ಕೋಶ ಕಿತ್ತಳೆಯ ಕಡೆಗೆ ತಿರುಗುತ್ತದೆ.

ಸಿಸಿಯ ಪ್ರಕರಣದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ಒಂದು ಹೋಲಿಕೆ ಕಾಣುತ್ತದೆ. ರೇನ್‌ಬೋದಲ್ಲಿ ಕಿತ್ತಳೆ ಬಂದದ್ದು ಒಂದು ವಂಶವಾಹಿ ತಪ್ಪು ಜಾಗದಲ್ಲಿ ತೆರೆದುಕೊಂಡದ್ದರಿಂದ. ಸಿಸಿಯಲ್ಲಿ ಕಿತ್ತಳೆ ಬಾರದೆ ಹೋದದ್ದು ಇಡೀ ವರ್ಣತಂತುವೇ ಮುಚ್ಚಿದ್ದರಿಂದ. ಬೆಕ್ಕಿನ ಡಿಎನ್‌ಎಯಲ್ಲಿ ಸುಮಾರು 250 ಕೋಟಿ ಅಕ್ಷರಗಳಿವೆ. ಅಷ್ಟರಲ್ಲಿ ಯಾವುದನ್ನು ಯಾವ ಕೋಶ ಯಾವಾಗ ಓದುತ್ತದೆ ಅನ್ನುವುದರ ಮೇಲೆ ಕಣ್ಣಿಗೆ ಕಾಣುವ ಬೆಕ್ಕು ನಿಂತಿದೆ.

ಮನುಷ್ಯರಲ್ಲೂ ಹೀಗೇ. ಹೆಂಗಸರ ಮೈಯೂ ಎರಡು ಬಗೆಯ ಕೋಶಗಳ ತೇಪೆ, ತುಪ್ಪಳದ ಬಣ್ಣ ಇಲ್ಲದ್ದರಿಂದ ಕಾಣುವುದಿಲ್ಲ ಅಷ್ಟೇ. ಬೆವರುಗ್ರಂಥಿ ಬೆಳೆಯದಿರುವ ಒಂದು ತೊಂದರೆ ಎಕ್ಸ್ ಮೇಲೆ ಕುಳಿತಿದೆ. ಅದನ್ನು ಒಂದು ಎಕ್ಸ್‌ನಲ್ಲಿ ಹೊತ್ತ ಹೆಂಗಸರ ಚರ್ಮ ಪರೀಕ್ಷಿಸಿದರೆ ಬೆವರುವ ಪಟ್ಟಿ, ಬೆವರದ ಪಟ್ಟಿ ಎರಡೂ ಸಿಗುತ್ತವೆ. ಕ್ಯಾಲಿಕೊ ಬೆಕ್ಕಿನ ಮಚ್ಚೆಗಳ ಹಾಗೆಯೇ.

ಬಣ್ಣ ಬಿಟ್ಟರೆ ಉಳಿದದ್ದು

ಸಿಸಿ ಮತ್ತು ರೇನ್‌ಬೋ ನಡುವೆ ಬಣ್ಣವೊಂದೇ ಬೇರೆಯಾಗಿರಲಿಲ್ಲ. ರೇನ್‌ಬೋ ದಪ್ಪ, ಸಿಸಿ ತೆಳು. ರೇನ್‌ಬೋ ಬಿಗುಮಾನದ ಬೆಕ್ಕು, ಸಿಸಿ ಆಟಗುಳಿ. ಈ ಸಂಗತಿಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಎರಡೇ ಬೆಕ್ಕು, ವಯಸ್ಸು ಬೇರೆ, ಬೆಳೆದ ಜಾಗ ಬೇರೆ. ಇಷ್ಟರಿಂದ ವಂಶವಾಹಿಯ ಪಾಲೆಷ್ಟು, ಸಾಕಿದ ರೀತಿಯ ಪಾಲೆಷ್ಟು ಅಂತ ಹೇಳಲಾಗದು. ಬಣ್ಣದ ವಿಷಯ ಹಾಗಲ್ಲ, ಅಲ್ಲಿ ಕೆಲಸ ಮಾಡಿದ್ದು ಏನು ಅಂತ ಕೋಶದ ಒಳಗಿನವರೆಗೆ ಬೆರಳಿಟ್ಟು ತೋರಿಸಬಹುದು.

ಸತ್ತ ಮುದ್ದಿನ ಪ್ರಾಣಿಯನ್ನು ಮತ್ತೆ ಪಡೆಯಬೇಕೆಂದು ಕಾಯುತ್ತಿದ್ದವರಿಗೆ ಸಿಸಿ ಒಳ್ಳೆಯ ಜಾಹೀರಾತಾಗಲಿಲ್ಲ. ಸ್ಪರ್ಲಿಂಗ್ ಅವರ ಹಣದಿಂದ ನಡೆಯುತ್ತಿದ್ದ ಕಂಪನಿ 2004ರಲ್ಲಿ ಒಂದು ತದ್ರೂಪಿ ಬೆಕ್ಕನ್ನು 50,000 ಡಾಲರ್‌ಗೆ ಮಾರಿತು. 2006ರಲ್ಲಿ ಬಾಗಿಲು ಹಾಕಿತು. ಅಷ್ಟು ದುಡ್ಡು ಕೊಟ್ಟು ಜನ ಕೊಳ್ಳಲು ಹೊರಟದ್ದು ತಮ್ಮ ಹಳೆಯ ಬೆಕ್ಕನ್ನು. ಸಿಗಬಹುದಾಗಿದ್ದದ್ದು ಅದರ ಒಂದು ಅವಳಿ, ತಡವಾಗಿ ಹುಟ್ಟಿದ್ದು.

ಸಿಸಿಯನ್ನು ತಂಡದಲ್ಲಿದ್ದ ಕ್ರೇಮರ್ ಅವರೇ ಮನೆಗೆ ಕರೆದುಕೊಂಡು ಹೋಗಿ ಸಾಕಿದರು. 2006ರಲ್ಲಿ ಅದು ಒಂದು ಗಂಡು ಬೆಕ್ಕಿನ ಜೊತೆ ಸಹಜವಾಗಿ ಕೂಡಿ ಮರಿ ಹಾಕಿತು. ಮೂರು ಮರಿಗಳು ಉಳಿದವು. ಈ ಮರಿಗಳ ವಿಷಯ ಬಂದಾಗ ಎಕ್ಸ್‌ನ ಬೀಗಕ್ಕೆ ಇನ್ನೊಂದು ತಿರುವು ಸಿಗುತ್ತದೆ. ಸಸ್ತನಿಗಳಲ್ಲಿ ಮುಂದೆ ಅಂಡಾಣು ಆಗಲಿರುವ ಕೋಶಗಳಲ್ಲಿ ಮುಚ್ಚಿದ ಎಕ್ಸ್ ಮತ್ತೆ ತೆರೆದುಕೊಳ್ಳುತ್ತದೆ. ಆಮೇಲೆ ಒಂದೊಂದು ಅಂಡಾಣುವಿಗೆ ಒಂದೊಂದು ಎಕ್ಸ್ ಹೋಗುತ್ತದೆ. ಅಂದರೆ ಸಿಸಿಯ ಅಂಡಾಣುಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಆ ಕಿತ್ತಳೆ ಎಕ್ಸ್ ಸೇರಿರಬೇಕು. ಕಿತ್ತಳೆಯ ಸುಳಿವೇ ಇಲ್ಲದ ತಾಯಿಗೆ ಅಚ್ಚ ಕಿತ್ತಳೆ ಗಂಡು ಮರಿ ಹುಟ್ಟುವುದಕ್ಕೆ ದಾರಿ ತೆರೆದೇ ಇತ್ತು.

ಸಿಸಿ 2020ರ ಮಾರ್ಚ್ 3ರಂದು ಸತ್ತಿತು. ಆಗ ಅದಕ್ಕೆ 18 ವರ್ಷ, ಬೆಕ್ಕಿನ ಮಟ್ಟಿಗೆ ತುಂಬು ಆಯಸ್ಸು. ಅಷ್ಟು ವರ್ಷವೂ ಅದರ ಮೈಯ ಕೋಶಗಳಲ್ಲಿ ಕಿತ್ತಳೆ ಎಕ್ಸ್ ಇತ್ತು, ಮುದುಡಿಕೊಂಡು, 1949ರಲ್ಲಿ ಬಾರ್ ಕಂಡಿದ್ದ ಆ ಕಪ್ಪು ಚುಕ್ಕೆಯಾಗಿ.